ಅಜೋಲಾವನ್ನು ಪಾಚಿ ಅನ್ನಬಹುದೇ?

ಗೆಳೆಯರೆ,

ಹಸು ಸಾಕುವವರಿಗೆ ಹಂಚುವ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಲ್ಕೇ ಪುಟ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ. ನೀರಿನ ಮೇಲೆ ತೇಲುವ, ಹಸುವಿಗೆ ಮೇವಾಗುವ ಪುಟ್ಟ ಗಿಡದ ಬಗ್ಗೆ ಕರಪತ್ರ. ಗಿಡದ ಹೆಸರು ಅಜೋಲಾ. ಒಬ್ಬರು ಅಜೋಲ ಎಂದು ಬರೆಯುತ್ತಾರೆ, ಇನ್ನೊಬ್ಬರು ಅಝೋಲ್ಲಾ, ಮತ್ತೊಬ್ಬರು ಅಜೊಲ್ಲ. ಕಾಗುಣಿತದ ಜಗಳ ಆಮೇಲೆ ಇಟ್ಟುಕೊಳ್ಳೋಣ. ಕರಡು ಓದಿದವರೊಬ್ಬರು ಪಕ್ಕದಲ್ಲಿ "ನೀರುಪಾಚಿ ಅನ್ನಿ, ರೈತರಿಗೆ ಬೇಗ ತಿಳಿಯುತ್ತೆ" ಎಂದು ಗೀಚಿದ್ದಾರೆ. ನನಗೆ ಯಾಕೋ ಒಪ್ಪಿಗೆಯಾಗುತ್ತಿಲ್ಲ.

ಪಾಚಿ ಅಂದ ತಕ್ಷಣ ನಮಗೆ ನೆನಪಾಗುವುದು ಬಚ್ಚಲ ಕಲ್ಲು, ಜಾರುವ ಬಾವಿಕಟ್ಟೆ, ಹಲ್ಲಿನ ಮೇಲಿನ ಹಳದಿ. ಎಲ್ಲಾ ಉಜ್ಜಿ ತೆಗೆಯುವಂಥದ್ದೇ. ಮದ್ದೂರಿನ ಹತ್ತಿರ ನಮ್ಮ ಚಿಕ್ಕಪ್ಪ ಹಿತ್ತಲಲ್ಲಿ ಗುಂಡಿ ತೆಗೆದು, ಟಾರ್ಪಾಲು ಹಾಸಿ, ಜರಡಿ ಮಣ್ಣು, ಸಗಣಿ ಬಗ್ಗಡ, ಒಂದಿಷ್ಟು ಸೂಪರ್ ಫಾಸ್ಫೇಟ್ ಹಾಕಿ ಅಜೋಲಾ ಬಿಟ್ಟಿದ್ದರು. ಎರಡು ವಾರದಲ್ಲಿ ನೀರೇ ಕಾಣದ ಹಾಗೆ ಮುಚ್ಚಿಕೊಂಡಿತು. ಒಂದು ದಿನ ಚಿಕ್ಕಮ್ಮ ಅಷ್ಟನ್ನೂ ಮಂಕರಿಗೆ ಬಾಚಿ ತಿಪ್ಪೆಗೆ ಸುರಿದುಬಿಟ್ಟರು. "ಪಾಚಿ ಕಟ್ಟಿತ್ತು, ತೆಗ್ದೆ" ಅಂದರು. ತಪ್ಪು ಅವರದಲ್ಲ. ಮನೆಯಲ್ಲಿ ಅದನ್ನು ಪಾಚಿ ಪಾಚಿ ಅಂತ ಕರೆಯುತ್ತಿದ್ದವರು ಚಿಕ್ಕಪ್ಪನೇ.

ಗುಂಡಿಯಲ್ಲಿ ಉಳಿದಿದ್ದ ಒಂದು ಹಿಡಿಯನ್ನು ಅಂಗೈಯಲ್ಲಿಟ್ಟು ನೋಡಿದೆ. ಒಂದೊಂದು ಗಿಡವೂ ಹೆಬ್ಬೆರಳ ಉಗುರಿನಷ್ಟು, ತ್ರಿಕೋನದ ಆಕಾರ. ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಪುಟ್ಟ ಎಲೆ. ಕೆಳಗೆ ಕೂದಲಿನಂಥ ಬೇರು. ನೀರು ಚಿಮುಕಿಸಿದರೆ ನೆನೆಯುವುದಿಲ್ಲ, ಕೆಸುವಿನೆಲೆಯ ಮೇಲಿನಂತೆ ಹನಿ ಉರುಳಿಹೋಗುತ್ತದೆ. ಪಾಚಿಗೆ ಬೇರೆಲ್ಲಿ, ಎಲೆಯೆಲ್ಲಿ? ಇದು ಹೂವೂ ಇಲ್ಲದ, ಬೀಜವೂ ಇಲ್ಲದ ಜರಿಗಿಡದ ಜಾತಿ.

ತಮಾಷೆ ಏನಂದರೆ, ಇದರಲ್ಲಿ ಪಾಚಿ ಇಲ್ಲವೇ ಇಲ್ಲ ಅನ್ನುವ ಹಾಗೂ ಇಲ್ಲ! ಪ್ರತಿ ಎಲೆಯ ಮೇಲಿನ ಹೋಳಿನಲ್ಲಿ ಒಂದು ಸಣ್ಣ ಪೊಟರೆ ಇರುತ್ತದೆ. ಅದರೊಳಗೆ ಅನಬೀನಾ ಎಂಬ ಸೂಕ್ಷ್ಮಜೀವಿ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವುದು ಅದೇ. ಅಜೋಲಾ ಗದ್ದೆಗೆ ಗೊಬ್ಬರವಾಗುವುದೂ ದನಕ್ಕೆ ಪ್ರೋಟೀನು ಕೊಡುವುದೂ ಅದರಿಂದಲೇ. ನಮ್ಮ ಪಠ್ಯಪುಸ್ತಕಗಳು ಈ ಜೀವಿಯನ್ನು ಕರೆಯುವುದು ನೀಲಿ-ಹಸಿರು ಪಾಚಿ ಎಂದು. (ಈಗ ಅದನ್ನು ಬ್ಯಾಕ್ಟೀರಿಯಾ ಸಾಲಿಗೆ ಸೇರಿಸಿದ್ದಾರೆ, ಆದರೆ ಹೆಸರು ಹಾಗೇ ಉಳಿದಿದೆ.) ಗಿಡವನ್ನೇ ಪಾಚಿ ಅಂದುಬಿಟ್ಟರೆ ಎರಡನೇ ಪುಟದಲ್ಲಿ ನಾನು "ಈ ಪಾಚಿಯೊಳಗಿನ ಪಾಚಿ" ಎಂದು ಬರೆಯಬೇಕಾಗುತ್ತದೆ.

'ನೀರುಜರಿ' ಮಾಡೋಣವೆಂದರೆ, ಊರಲ್ಲಿ ಜರಿ ಅಂದರೆ ಸೀರೆ ಅಂಚು, ಇಲ್ಲವೇ ನೂರು ಕಾಲಿನ ಹುಳು. ನೀರಲ್ಲಿ ಹುಳು ಬಿಡಿ ಅಂತ ಹೇಳಿದ ಹಾಗಾಗುತ್ತದೆ. 'ಅಂತರಗಂಗೆ'ಯಂತೂ ಬೇಡ. ಎಲೆಕೋಸಿನ ಹಾಗೆ ಬಿಚ್ಚಿಕೊಂಡು ತೇಲುವ ಗಿಡದ ಹೆಸರದು. ಅದನ್ನೇ ಈಗ ನೇರಳೆ ಹೂವಿನ ಕೆರೆ ಕಳೆಗೂ ಹೇಳುತ್ತಾರೆ. ಮೂರನೆಯದನ್ನೂ ಅದರ ತಲೆಗೆ ಕಟ್ಟುವುದು ಯಾಕೆ?

ಬೇರೆಯವರು ಹೇಗೆ ಹೆಸರಿಟ್ಟಿದ್ದಾರೆ ನೋಡಿ. ಅಜೋಲಾ ಅಂದದ್ದು ಫ್ರಾನ್ಸಿನ ಸಸ್ಯವಿಜ್ಞಾನಿ ಲಾಮಾರ್ಕ್, 1783ರಲ್ಲಿ. ಗ್ರೀಕಿನ 'ಒಣಗು', 'ಕೊಲ್ಲು' ಎಂಬ ಎರಡು ಮಾತು ಸೇರಿಸಿದ್ದು. ಒಣಗಿದರೆ ಸತ್ತಿತು, ಅಷ್ಟೇ. ಟಾರ್ಪಾಲಿನ ಅಂಚಿಗೆ ಅಂಟಿಕೊಂಡಿದ್ದ ಗಿಡ ಮಧ್ಯಾಹ್ನದ ಹೊತ್ತಿಗೆ ಪುಡಿಪುಡಿಯಾಗಿದ್ದನ್ನು ನಾನೇ ಕಂಡಿದ್ದೇನೆ. ಚೀನೀಯರ ಹೆಸರಿನ ಅರ್ಥ 'ಹೊಳೆ ತುಂಬ ಕೆಂಪು'. ಜಪಾನಿನಲ್ಲಿ 'ಅಕಾ ಉಕಿಕುಸಾ', ಕೆಂಪು ತೇಲುಹುಲ್ಲು. ಬಿಸಿಲು ಜಾಸ್ತಿಯಾದರೆ, ಚಳಿ ಬಿದ್ದರೆ, ರಂಜಕ ಸಾಲದಾದರೆ ಇದು ಕೆಂಪಗಾಗುತ್ತದೆ. ಇಬ್ಬರೂ ಬಣ್ಣ ನೋಡಿಯೇ ಕರೆದಿದ್ದಾರೆ. ಪಕ್ಕದ ಮಲಯಾಳಿಗಳು ಅಜೋಲಾದ ನೆಂಟ ಸಾಲ್ವಿನಿಯಾಗೆ 'ಆಫ್ರಿಕನ್ ಪಾಯಲ್' ಅನ್ನುತ್ತಾರೆ. ಅದು ಬ್ರೆಜಿಲ್ ಕಡೆಯ ಗಿಡ, ಹೆಸರಲ್ಲಿ ಮಾತ್ರ ಆಫ್ರಿಕಾ. ಇರಲಿ, ಪಾಯಲ್ ನಮ್ಮ ಪಾಚಿಯ ದಾಯಾದಿ ಪದ. ಅಲ್ಲಿ ಅದು ತೇಲುವ ಗಿಡಕ್ಕೂ ಸಲ್ಲುತ್ತದೆ. ಹಾಗಾಗಿ ಕರಡು ತಿದ್ದಿದವರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ.

ಈಗ ನಿಮ್ಮನ್ನು ಕೇಳುವುದು. ಅಜೋಲಾ ಪಿನ್ನೇಟಾ ಎಂಬ ಬಗೆ ಹೊರಗಿನಿಂದ ಬಂದದ್ದಲ್ಲ. ಕೆರೆ, ಕುಂಟೆ, ನೀರು ನಿಂತ ಭತ್ತದ ಗದ್ದೆಗಳಲ್ಲಿ ಮೊದಲಿಂದಲೂ ಇರುವಂಥದ್ದು. ಕಳೆ ಕೀಳುವಾಗ ಕಾಲಿಗೆ ಮೆತ್ತಿಕೊಳ್ಳುವ ಇದನ್ನು ನಿಮ್ಮ ಊರಲ್ಲಿ ಏನಂತಾರೆ? ಹೆಸರಿನ ಜೊತೆ ತಾಲ್ಲೂಕನ್ನೂ ಬರೆಯಿರಿ. 'ಹಾವಸೆ' ಅನ್ನುವವರಿದ್ದರೆ, ಅದು ಕಲ್ಲಿಗೆ ಅಂಟಿದ್ದಕ್ಕೆ ಮಾತ್ರವೋ, ನೀರ ಮೇಲೆ ತೇಲುವುದಕ್ಕೂ ಹೇಳುತ್ತೀರೋ?

ಏನೂ ಸಿಗದಿದ್ದರೆ ಅಜೋಲಾ ಅಂತಲೇ ಬಿಡುತ್ತೇನೆ. ಚಿಕ್ಕಮ್ಮ ಈಗ ಅದನ್ನು ಸಗಣಿ ವಾಸನೆ ಹೋಗುವಷ್ಟು ತೊಳೆದು, ಹಿಂಡಿ ಜೊತೆ ಕಲಸಿ ಹಸುವಿಗೆ ಇಡುತ್ತಾರೆ. ಅವರ ಬಾಯಲ್ಲಿ ಅದು 'ಅಜ್ಜೋಲ'. ಕರಪತ್ರ ಅಚ್ಚಿಗೆ ಹೋಗುವುದು ಬರುವ ಸೋಮವಾರ.