ಅರಳಿ ಮುಚ್ಚುವ ಕತ್ತರಿ ಉಂಗುರ: ದುಂಡಗೆ ಕೂಡವಲ್ದು

ಬಡಗಿಪೆಟ್ಟಿಗೆ, ಕೊಪ್ಪಳ
ಶಾಲೆ ವಸ್ತುಪ್ರದರ್ಶನದ ಪಡಸಾಲೆಗೆ ಅರಳಿ ಮುಚ್ಚುವ ಉಂಗುರ ತೂಗುಹಾಕಬೇಕು. 12 ಮಿ.ಮೀ. ಪ್ಲೈವುಡ್‌ನ 24 ನೇರ ಪಟ್ಟಿ, ನಡುವೆ ಒಂದು, ತುದಿಗೆ ಒಂದೊಂದು ತೂತು. ಎರಡೆರಡು ಪಟ್ಟಿ ಕತ್ತರಿ ಹಂಗ ಅಡ್ಡಡ್ಡ ಇಟ್ಟು ಜೋಡಿಸಿದರ ಉದ್ದಕ್ಕ ಚಾಚತೈತಿ, ಬಾಗಂಗಿಲ್ಲ. ನಡು ತೂತು ಸರಿಸಿದರ ಬಾಗತೈತಿ, ಆದರ ಒಂದೇ ಅಳತಿಗೆ ಉಂಗುರ ಕೂಡತೈತಿ, ಅಲ್ಲಾಡಿಸಿದರ ಸಿಕ್ಕೊಳ್ಳತೈತಿ. ವ್ಯಾಸ 2 ಮೀಟರ್ ದಾಟುವಷ್ಟು ಅರಳಬೇಕ್ರಿ.

ಮೂಲೆಮಟ್ಟ, ಬಳ್ಳಾರಿ
ನೇರ ಪಟ್ಟಿಯೇ ತಪ್ಪು. ಅಂಗಡಿ ಮುಂದೆ ಎಳೆದು ಮುಚ್ಚುವ ಜಾಲರಿ ಗೇಟು ನೋಡಿ, ಅದು ನೇರ ಪಟ್ಟಿಯದ್ದು, ಅಡ್ಡಡ್ಡ ಹೋಗುತ್ತದೆ ಅಷ್ಟೇ. ಉಂಗುರ ಉಂಗುರವಾಗಿಯೇ ಹಿಗ್ಗಬೇಕಾದರೆ ಪಟ್ಟಿ ನಡುವಲ್ಲಿ ಮುರಿದಂತೆ ಬಾಗಿರಬೇಕು. ಅಮೆರಿಕದ ವಿನ್ಯಾಸಕ ಚಕ್ ಹೋಬರ್ಮನ್ 1990ರಲ್ಲಿ ಪೇಟೆಂಟ್ ಪಡೆದದ್ದು ಈ ಬಾಗನ್ನೇ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಅರಳಿದ ಅವರ ಕಮಾನಿನ ಮೂಲವೂ ಇದೇ.

ಬಾಗಿನ ಕೋನ 180ರಿಂದ 360/ಜೋಡಿಗಳ ಸಂಖ್ಯೆ ಕಳೆದರೆ ಬರುತ್ತದೆ. ನಿಮ್ಮದು 12 ಜೋಡಿ, ಅಂದರೆ 150 ಡಿಗ್ರಿ. ಕೋನಮಾಪಕ ಬೇಡ. 579.6 ಮಿ.ಮೀ. ಗೆರೆ ಎಳೆದು, ಅದರ ನಟ್ಟನಡುವೆ 77.6 ಮಿ.ಮೀ. ಲಂಬ ಎತ್ತಿ. ಗೆರೆಯ ಎರಡು ತುದಿ, ಲಂಬದ ತುದಿ, ಇವೇ ಮೂರು ತೂತು. ಒಂದೊಂದು ತೋಳು, ಅಂದರೆ ನಡು ತೂತಿನಿಂದ ತುದಿ ತೂತಿಗೆ, 30 ಸೆಂ.ಮೀ. ಆಗುತ್ತದೆ. ಇಡೀ ಪಟ್ಟಿಯನ್ನು 40 ಮಿ.ಮೀ. ಅಗಲದ ಒಂದೇ ತುಂಡಾಗಿ ಕತ್ತರಿಸಿ. ಎರಡು ನೇರ ತುಂಡು ಸೇರಿಸಿ ಮೊಳೆ ಹೊಡೆದರೆ ಆ ಜಾಗವೇ ಮೊದಲು ಸಡಿಲವಾಗುತ್ತದೆ. ಮುಚ್ಚಿದಾಗ 1.3 ಮೀಟರ್ ವ್ಯಾಸ, ಅರಳಿದಾಗ 2.3.

ಲಂಬದ ಅಳತೆ ಎರಡು ಸಲ ನೋಡಿ. ಅದು 2.5 ಮಿ.ಮೀ. ಜಾರಿದರೆ ಕೋನ 1 ಡಿಗ್ರಿ ಕೆಡುತ್ತದೆ. ಎಲ್ಲ ಪಟ್ಟಿಯೂ ಒಂದೇ ಮಾದರಿಯವಾದ್ದರಿಂದ ತಪ್ಪೂ ಒಂದೇ ಕಡೆಗೆ ಕೂಡಿ 12 ಡಿಗ್ರಿ ಆಗುತ್ತದೆ, ಕೊನೆಯ ಬೋಲ್ಟಿನ ಹತ್ತಿರ ಒಂದು ಗೇಣು ಸಂದು!

ಎಡದಂಡೆ, ರಾಯಚೂರು
ಬೋಲ್ಟ್ 36 ಬೇಕು, ಎಂ6 (6 ಮಿ.ಮೀ. ದಪ್ಪದ್ದು), 40 ಮಿ.ಮೀ. ಉದ್ದ, ನೈಲಾಕ್ ನಟ್ (ಒಳಗ ನೈಲಾನ್ ಬಳೆ ಇರೋದು). ಸಾದಾ ನಟ್ ನಾಲ್ಕು ಸಲ ಅರಳಿಸೋದರೊಳಗ ಬಿಚ್ಚಿಕೊಂತದ. ಎರಡು ಪಟ್ಟಿ ನಡುವೆ ನೈಲಾನ್ ವಾಷರ್ ಹಾಕ್ರಿ. ತೂತು 6 ಮಿ.ಮೀ.ನೇ ಇರಲಿ, 6.5 ಮಾಡಿದರ ಎಲ್ಲಾ ಸಡಿಲ ಸೇರಿ ಉಂಗುರ ತತ್ತಿ ಆಗ್ತದ. ಬಲಕ್ಕ ವಾಲಿದ ಹನ್ನೆರಡೂ ಪಟ್ಟಿ ಕೆಳಗ, ಎಡಕ್ಕ ವಾಲಿದವು ಮ್ಯಾಲೆ. ಒಂದು ಅದಲುಬದಲಾದರೂ ಸಿಕ್ಕೊಂತದ.

ನಿಲ್ಲಿಸಬ್ಯಾಡ್ರಿ, ಅಡ್ಡ ತೂಗಹಾಕ್ರಿ. ಒಂದು ಬಿಟ್ಟು ಒಂದು ನಡು ಬೋಲ್ಟಿಗೆ 2 ಮೀಟರಿನ ಹಗ್ಗ, ಆರೂ ಮ್ಯಾಲೆ ಒಂದೇ ಕೊಂಡಿಗೆ. ಎಳೆದರ ಅರಳಿ ಸುಮಾರು 30 ಸೆಂ.ಮೀ. ಏರ್ತದ, ಬಿಟ್ಟರ ತನ್ನ ಭಾರಕ್ಕ ತಾನೇ ಮುಚ್ಕೊಂತದ. ಪೂರ್ತಿ ಚಾಚಿದರ ಪಟ್ಟಿ ಆಚೀ ಕಡಿ ಮಗುಚ್ತಾವ. ಅದಕ್ಕ ಮೂರು ಕಡಿ ಅಕ್ಕಪಕ್ಕದ ನಡು ಬೋಲ್ಟಿಗೆ 58 ಸೆಂ.ಮೀ. ಕಬ್ಬಿಣದ ತಂತಿ ಬಿಗೀರಿ. ನೈಲಾನ್ ಹಗ್ಗ ಹಿಗ್ತದ, ನಡಿಯಂಗಿಲ್ಲ.

ಬಡಗಿಪೆಟ್ಟಿಗೆ, ಕೊಪ್ಪಳ
ಮ್ಯಾಲೆ ಬಟ್ಟಿ ಹೊದಿಸಬಹುದೇನ್ರಿ?

ಮೂಲೆಮಟ್ಟ, ಬಳ್ಳಾರಿ
ಒಳ ತುದಿಗೂ ಹೊರ ತುದಿಗೂ ಸೇರಿಸಿ ಹೊಲಿದರೆ ಮುಚ್ಚುವಾಗ ಹರಿಯುತ್ತದೆ, ಆ ಅಂತರ 15ರಿಂದ 57 ಸೆಂ.ಮೀ.ವರೆಗೆ ಬದಲಾಗುತ್ತದೆ. ಅದರ ಬದಲು ಕೆಳಪದರದ ಪ್ರತಿ ಪಟ್ಟಿಯ ನಡುವಿಗೆ, ಅಡಿಯಿಂದ, ಒಂದು ತೆಳು ಹಲಗೆ ಅಂಟಿಸಿ. ಅರಳುವಾಗ ಪ್ರತಿ ಪಟ್ಟಿ 55 ಡಿಗ್ರಿಯಷ್ಟು ತಿರುಗುತ್ತದೆ, ಹಲಗೆಯೂ ಜೊತೆಗೆ. ಮುಚ್ಚಿದಾಗ ಕೂಡುವ ಚಿತ್ರ ಅರಳಿದಾಗ ಚೂರಾಗುವಂತೆ ಬರೆಸಬಹುದು. ಬಣ್ಣದ ಮರದ ಬೊಂಬೆಗಳ ಊರು ಕಿನ್ನಾಳ ನಿಮಗೆ ಹತ್ತಿರವೇ ಇದೆಯಲ್ಲ, ಬಣ್ಣದ ಕೈ ಬೇರೆಲ್ಲಿ ಹುಡುಕುತ್ತೀರಿ?