ಏರ್‌ಬ್ರಷ್ ಚಿತ್ರದ ಮೇಲೆ ಲ್ಯಾಕರ್ ಇಳಿಯದಂತೆ ಹೊಡೆಯೋದು ಹೇಗೆ?

ಪ್ರಶ್ನೆ: ಅಣ್ಣಾ ನಮಸ್ಕಾರ. ನಮ್ಮೂರು ಬಾಗಲಕೋಟೆ, ಈಗ ಪುಣೆ ಪಕ್ಕದ ಚಿಂಚವಾಡದಲ್ಲಿದ್ದೇನೆ. ಗೆಳೆಯನ ಬುಲೆಟ್ ಟ್ಯಾಂಕ್ ಮೇಲೆ ಏರ್‌ಬ್ರಷ್‌ನಲ್ಲಿ ಹುಲಿ ಮುಖ ಬಿಡಿಸಿದೆ. ವಾಟರ್ ಬೇಸ್ ಬಣ್ಣ, ಚಿತ್ರ ಚೆನ್ನಾಗಿಯೇ ಬಂತು. ಮೇಲೆ ಟೂಕೆ ಲ್ಯಾಕರ್, ಅಂದರೆ ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸುವ ಪಾರದರ್ಶಕ ಲ್ಯಾಕರ್, ಹೊಡೆದರೆ ಮೀಸೆ ಹತ್ತಿರ ಮತ್ತು ಟ್ಯಾಂಕಿನ ಕೆಳಗಿನ ಅಂಚಿನಲ್ಲಿ ಗೆರೆಯಾಗಿ ಕೆಳಗೆ ಇಳಿದುಬಿಟ್ಟಿತು. ಥಿನ್ನರ್ ಜಾಸ್ತಿ ಆಯಿತಾ, ಗನ್ ಹತ್ತಿರ ಹಿಡಿದೆನಾ? ಸೈಡ್ ಪ್ಯಾನೆಲ್ ಎರಡೂ ಬಾಕಿ ಇವೆ, ಮುಟ್ಟಲು ಧೈರ್ಯ ಬರುತ್ತಿಲ್ಲ.

ಉತ್ತರ: ನಮಸ್ಕಾರ ತಮ್ಮಾ. ಥಿನ್ನರ್, ಗನ್ ಆಮೇಲೆ ನೋಡೋಣ. ಒಂದೇ ದಿನಕ್ಕೆ ಪೂರ್ತಿ ಹೊಳಪು ತರಲು ಹೋದಿರಿ ಅಲ್ವಾ? ಇಳಿದ ಜಾಗ ನೋಡಿದರೆ ಹಾಗನ್ನಿಸುತ್ತದೆ. ಮೀಸೆಗೆ ಟೇಪ್ ಅಥವಾ ಸ್ಟೆನ್ಸಿಲ್ ಇಟ್ಟಿರುತ್ತೀರಿ, ಅದನ್ನು ತೆಗೆದ ಮೇಲೆ ಬಣ್ಣದ ಅಂಚು ಸಣ್ಣ ಮೆಟ್ಟಿಲಿನ ಹಾಗೆ ಎದ್ದು ನಿಲ್ಲುತ್ತದೆ. ಅದನ್ನು ಮುಚ್ಚಬೇಕು ಅಂತ ದಪ್ಪಗೆ ಹೊಡೆದರೆ ಲ್ಯಾಕರ್ ಆ ಅಂಚಿಗೇ ಸೇರಿಕೊಂಡು, ಭಾರ ತಾಳದೆ ಕೆಳಗೆ ಜಾರುತ್ತದೆ. ಒಂದೇ ಬಣ್ಣದ ಟ್ಯಾಂಕಿಗೆ ನಡೆಯುವ ಕೈ ಚಿತ್ರ ಇರುವ ಟ್ಯಾಂಕಿಗೆ ನಡೆಯುವುದಿಲ್ಲ.

ಅದಕ್ಕೇ ನಾನು ಎರಡು ಕಂತಿನಲ್ಲಿ ಮಾಡಿ ಅನ್ನುತ್ತೇನೆ. ಮೊದಲ ಕಂತು ಚಿತ್ರವನ್ನು ಹಿಡಿದಿಡಲು, ಮಟ್ಟ ಮಾಡಲು. ಮೊದಲು ತೆಳ್ಳಗೆ ಒಂದು ಕೋಟ್, ಅದು ಹೊಳೆಯದಿದ್ದರೂ ಪರವಾಗಿಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು ಸಾಧಾರಣ ಒದ್ದೆ ಇರುವ ಕೋಟ್, ಮತ್ತೆ ಬಿಟ್ಟು ಇನ್ನೊಂದು. ಡಬ್ಬಿಯ ಶೀಟ್‌ನಲ್ಲಿ ಬರೆದಷ್ಟು ಒಣಗಲು ಬಿಡಿ, ಆಮೇಲೆ 800ರ ವಾಟರ್ ಪೇಪರ್ ಬ್ಲಾಕಿಗೆ ಸುತ್ತಿ ನೀರು ಹಾಕಿ ತಿಕ್ಕಿ. ಮೆಟ್ಟಿಲು ಹೋಗಿ ಎಲ್ಲ ಕಡೆ ಒಂದೇ ಥರ ಮಬ್ಬಾಗಬೇಕು. ತಿಕ್ಕುವಾಗ ಬರುವ ನೀರಿನ ಮೇಲೆ ಕಣ್ಣಿಡಿ. ಬಿಳಿ ಬಂದರೆ ಲ್ಯಾಕರ್. ಕೇಸರಿನೋ ಕಪ್ಪೋ ಬಂತೆಂದರೆ ಹುಲಿಯನ್ನೇ ತಿಕ್ಕುತ್ತಿದ್ದೀರಿ, ತಕ್ಷಣ ಕೈ ತೆಗೆಯಿರಿ. ತೊಳೆದು ಒರೆಸಿದ ಮೇಲೆ ಎರಡನೇ ಕಂತು, ಎರಡು ಕೋಟ್. ಕೆಳಗೆ ಮಟ್ಟ ಇರುವುದರಿಂದ ದಪ್ಪ ಹೊಡೆಯುವ ಅಗತ್ಯವೇ ಬರುವುದಿಲ್ಲ, ಹೊಳಪು ತಾನಾಗಿ ಬರುತ್ತದೆ.

ಪ್ರಶ್ನೆ: ಗನ್ ಸೆಟ್ಟಿಂಗ್ ಹೇಳಿ ಅಣ್ಣಾ. ಮತ್ತೆ ಕೆಳಗಿನ ಅಂಚಿನಲ್ಲಿ ಯಾಕೆ ಇಳಿಯಿತು? ಅಲ್ಲಿ ಚಿತ್ರವೇ ಇರಲಿಲ್ಲ.

ಉತ್ತರ: ಎಚ್‌ವಿಎಲ್‌ಪಿ ಗನ್ (ಕಡಿಮೆ ಒತ್ತಡದಲ್ಲಿ ಹೆಚ್ಚು ಗಾಳಿ ಬಿಡುವ ಗನ್) ಆದರೆ 1.3 ಮಿಲಿಮೀಟರ್ ನಾಜಲ್, ಟ್ರಿಗರ್ ಒತ್ತಿದಾಗ 2 ಬಾರ್ ಹತ್ತಿರ ಗಾಳಿ, ದೂರ 15ರಿಂದ 20 ಸೆಂಟಿಮೀಟರ್. ಒಂದು ಗೆರೆ ಹಿಂದಿನ ಗೆರೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮುಚ್ಚಲಿ. ಹಾರ್ಡ್‌ನರ್ ಅಳತೆ ಡಬ್ಬಿಯಲ್ಲಿ ಬರೆದಷ್ಟೇ, ಕಣ್ಣಳತೆ ಬೇಡ. ಏರ್‌ಬ್ರಷ್‌ನ ಪುಟ್ಟ ಕಂಪ್ರೆಸರ್‌ಗೆ ಈ ಗನ್ ಹಾಕಬೇಡಿ. ಅರ್ಧದಲ್ಲೇ ಗಾಳಿ ಬಿದ್ದು ಲ್ಯಾಕರ್ ಹನಿ ಹನಿಯಾಗಿ ಉಗುಳುತ್ತದೆ.

ಕೆಳಗಿನ ಅಂಚಿಗೆ ಬದಿಯಿಂದ ಹೊಡೆದದ್ದೂ ಬೀಳುತ್ತದೆ, ಅಡಿಯಿಂದ ಹೊಡೆದದ್ದೂ ಬೀಳುತ್ತದೆ. ಗೊತ್ತಿಲ್ಲದೆ ಅದಕ್ಕೆ ಎರಡು ಪಟ್ಟು ಆಗಿರುತ್ತದೆ. ಅಲ್ಲಿಗೆ ಮೊದಲೇ ತೆಳ್ಳಗೆ ಹೊಡೆದು ಮುಗಿಸಿ, ಆಮೇಲೆ ಮತ್ತೆ ಆ ಕಡೆ ತಿರುಗಬೇಡಿ. ಪೆಟ್ರೋಲ್ ಮುಚ್ಚಳದ ಸುತ್ತಲೂ ಹೀಗೇ. ಟ್ರಿಗರ್ ಟ್ಯಾಂಕಿನ ಹೊರಗೇ ಒತ್ತಿ, ದಾಟಿ ಹೋದ ಮೇಲೇ ಬಿಡಿ. ತಿರುಗಿಸುವ ಜಾಗದಲ್ಲಿ ಕೈ ನಿಂತರೆ ಅಲ್ಲೇ ಗುಡ್ಡೆಯಾಗುತ್ತದೆ. ಒಂದು ಎಲ್‌ಇಡಿ ಟ್ಯೂಬ್‌ಲೈಟ್ ಬದಿಗೆ ಇಟ್ಟು, ಟ್ಯಾಂಕಿನಲ್ಲಿ ಅದರ ಪ್ರತಿಬಿಂಬ ನೋಡುತ್ತಾ ಹೊಡೆಯಿರಿ. ಪ್ರತಿಬಿಂಬ ಮುರಿಯದೆ ಕಂಡರೆ ಅಷ್ಟು ಸಾಕು, ಮುಂದೆ ಹೋಗಿ. ಇನ್ನೊಂದು ಸಲ ಹೊಡೆಯೋಣ ಅನ್ನಿಸುತ್ತದಲ್ಲ, ಇಳಿಯುವುದು ಆ ಇನ್ನೊಂದು ಸಲಕ್ಕೇ.

ಪ್ರಶ್ನೆ (ಹಡಪ್ಸರ್‌ನಿಂದ): ಸರ್, ಹತ್ತು ನಿಮಿಷ ಬಿಟ್ಟರೂ ನನಗೆ ಇಳಿಯುತ್ತದೆ. ಮಳೆಗಾಲದಲ್ಲಂತೂ ಹೆಚ್ಚು.

ಉತ್ತರ: ಅಕ್ಕಾ, ಗಡಿಯಾರ ನಂಬಬೇಡಿ. ಪಕ್ಕದ ಮಾಸ್ಕಿಂಗ್ ಟೇಪ್ ಮೇಲೆ ಬಿದ್ದ ಲ್ಯಾಕರ್ ಮುಟ್ಟಿ ನೋಡಿ. ಬೆರಳು ಎತ್ತಿದಾಗ ಎಳೆ ಬಂದರೆ ಇನ್ನೂ ಕಾಯಿರಿ. ಅಂಟಿದ ಹಾಗೆ ಅನ್ನಿಸಿ ಎಳೆ ಬರದಿದ್ದರೆ ಮುಂದಿನ ಕೋಟ್. ಪುಣೆಯ ಜುಲೈನಲ್ಲಿ ವಾಟರ್ ಬೇಸ್ ಬಣ್ಣವೇ ಬೇಗ ಒಣಗುವುದಿಲ್ಲ. ಕೈಗೆ ಒಣಗಿದ ಹಾಗೆ ಕಂಡರೂ ಒಳಗೆ ನೀರು ಉಳಿದಿದ್ದರೆ ಲ್ಯಾಕರ್ ಮಬ್ಬಾಗುತ್ತದೆ, ಆಮೇಲೆ ಪದರವಾಗಿ ಎದ್ದು ಬರಲೂಬಹುದು. ಕಂಪ್ರೆಸರ್ ಟ್ಯಾಂಕಿನ ನೀರನ್ನೂ ದಿನಾ ಇಳಿಸಿ. ಡಿಸೆಂಬರ್ ಬೆಳಿಗ್ಗೆ ಸಮಸ್ಯೆ ಬೇರೆ. ಲ್ಯಾಕರ್ ಚಳಿಗೆ ಗಟ್ಟಿಯಾಗಿದೆ ಅಂತ ಸುಮ್ನೆ ಥಿನ್ನರ್ ಸುರಿಯುತ್ತಾರೆ. ತಗಡೂ ತಣ್ಣಗಿರುವುದರಿಂದ ಬೇಗ ಬಿಗಿಯದೆ ಇಳಿಯುತ್ತದೆ. ಬಿಸಿಲು ಬಂದು ತಗಡು ಬೆಚ್ಚಗಾದ ಮೇಲೆ ಶುರು ಮಾಡಿ. ನಿಧಾನಕ್ಕೆ ಆರುವ ಥಿನ್ನರ್ ಏಪ್ರಿಲ್ ಬಿಸಿಲಿಗೆ ಇರಲಿ, ಚಳಿಗೆ ಬೇಡ.

ಪ್ರಶ್ನೆ: ಈಗ ಇಳಿದಿರುವುದನ್ನು ತೆಗೆಯುವುದು ಹೇಗೆ ಅಣ್ಣಾ? ಒರೆಸಿ ಹೊಸದಾಗಿ ಮಾಡಲಾ?

ಉತ್ತರ: ಹುಲಿ ಉಳಿಯುತ್ತದೆ, ಗಾಬರಿ ಬೇಡ. ಪೂರ್ತಿ ಗಟ್ಟಿಯಾಗಲಿ, ಉಗುರು ಒತ್ತಿದರೆ ಗುರುತು ಬೀಳಬಾರದು. ಆಮೇಲೆ ಇಳಿದ ಗೆರೆಯ ಮೇಲೂ ಅಕ್ಕಪಕ್ಕದಲ್ಲೂ ತೆಳ್ಳಗೆ ಪುಟ್ಟಿ ಸವರಿ, ಅದು ಒಣಗಿದ ಮೇಲೆ ಗಟ್ಟಿ ಬ್ಲಾಕಿಗೆ 1000ದ ಪೇಪರ್ ಸುತ್ತಿ ತಿಕ್ಕಿ. ಪುಟ್ಟಿ ಅಕ್ಕಪಕ್ಕದ ಲ್ಯಾಕರ್ ಕಾಯುತ್ತದೆ, ಪೇಪರ್ ಎತ್ತರದ ಗೆರೆಯನ್ನು ಮಾತ್ರ ತಿನ್ನುತ್ತದೆ. ಪುಟ್ಟಿ ಹೋಗುವ ಹೊತ್ತಿಗೆ ಗೆರೆ ಮಟ್ಟ ಆಗಿರುತ್ತದೆ. ಬರೀ ಬೆರಳಿನಿಂದ ಮಾತ್ರ ತಿಕ್ಕಬೇಡಿ, ಹಳ್ಳ ಬೀಳುತ್ತದೆ. ನಿಮಗೆ ಹೇಗೂ ಎರಡನೇ ಕಂತು ಬಾಕಿ ಇದೆ. ಇಡೀ ಟ್ಯಾಂಕ್ 800ರಲ್ಲಿ ಮಬ್ಬು ಮಾಡಿ ಮೇಲೆ ಎರಡು ಕೋಟ್ ಹೊಡೆದರೆ ಆಯಿತು. ಮೀಸೆಯ ಬಣ್ಣವೇ ಲ್ಯಾಕರ್ ಜೊತೆ ಜಾರಿದ್ದರೆ ಮಾತ್ರ ಅಷ್ಟು ಭಾಗ ತಿರುಗಿ ಬಿಡಿಸಬೇಕು.

ಪ್ರಶ್ನೆ: ಸ್ಪ್ರೇ ಕ್ಯಾನ್ ಲ್ಯಾಕರ್ ಸುಲಭ ಅಲ್ವಾ? ಬಾಲ್ಕನಿಯಲ್ಲೇ ಮುಗಿಯುತ್ತದೆ.

ಉತ್ತರ: ಸೈಡ್ ಪ್ಯಾನೆಲ್‌ಗೆ ಹೇಗೋ ನಡೆದೀತು. ಟ್ಯಾಂಕಿಗೆ ಹಾರ್ಡ್‌ನರ್ ಇಲ್ಲದ ಕ್ಯಾನ್ ಹೊಡೆದರೆ ಬಂಕಿನಲ್ಲಿ ನಾಲ್ಕು ಹನಿ ಪೆಟ್ರೋಲ್ ಚೆಲ್ಲಿದ ದಿನ ಮೆತ್ತಗಾಗಿ ಏಳುತ್ತದೆ. ಟೂಕೆಯೇ ಬೇಕು. ಆದರೆ ಅದರ ಹಾರ್ಡ್‌ನರ್‌ನಲ್ಲಿ ಐಸೊಸೈನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಉಸಿರಿನಲ್ಲಿ ಹೋದರೆ ಆಸ್ತಮಾ ಹಚ್ಚಬಹುದು, ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಯಾವುದೂ ಅದನ್ನು ತಡೆಯುವುದಿಲ್ಲ. ಪಕ್ಕದ ಮನೆ ಮಗುವೂ ಅದೇ ಗಾಳಿ ಕುಡಿಯುತ್ತದೆ, ಬಾಲ್ಕನಿ ಮಾತು ಬಿಡಿ. ಭೋಸರಿ ಕಡೆ ಬಣ್ಣ ಹೊಡೆಯುವ ಬೂತ್ ಇರುವ ಗ್ಯಾರೇಜ್‌ನವರನ್ನು ಕೇಳಿ, ಹೊರಗಿನ ಗಾಳಿ ಕೊಡುವ ಮಾಸ್ಕ್ ಇದೆಯಾ ಅಂತಲೂ ಕೇಳಿ. ಹೋಗುವಾಗ ಗುಜರಿಯಿಂದ ಹಳೇ ಮಡ್‌ಗಾರ್ಡ್ ಒಂದು ಒಯ್ಯಿರಿ. ಅದನ್ನು ನೆಟ್ಟಗೆ ನಿಲ್ಲಿಸಿ, ಬೇಕಂತಲೇ ಇಳಿಯುವ ತನಕ ಹೊಡೆದು ನೋಡಿ. ಎಷ್ಟಕ್ಕೆ ಇಳಿಯುತ್ತದೆ ಅಂತ ಕೈಗೆ ಗೊತ್ತಾದ ಮೇಲೆ ಸೈಡ್ ಪ್ಯಾನೆಲ್ ಹಿಡಿಯಿರಿ.