ತುರ್ತು, ಪದ ಬೇಕು: ಸಿಹಿ ವಾಸನೆ ಇದ್ದೂ ಸಿಹಿ ಇಲ್ಲದ ಟೀ

ಎಲೆಬಟ್ಟಲು ಬರೆದದ್ದು:

ಎಲ್ರಿಗೂ ನಮಸ್ಕಾರ. ನಾಳೆ ಸಂಜೆ ಒಳಗೆ ಬೇಕು, ಅದಕ್ಕೇ ತಲೆಬರಹದಲ್ಲೇ ತುರ್ತು ಅಂತ ಹಾಕಿದೀನಿ, ಬೈಬೇಡಿ. ಡೆಸರ್ಟ್ ಫ್ಲೇವರ್ ಟೀಗಳನ್ನ ರುಚಿ ನೋಡಿ ಅಂಕ ಕೊಡೋ ಒಂದು ಹಾಳೆ ಇದೆ, ಅದನ್ನ ಕನ್ನಡಕ್ಕೆ ತರ್ತಿದೀನಿ. ಕ್ಯಾರಮೆಲ್, ವೆನಿಲ್ಲಾ, ಚಾಕಲೇಟ್ ಕೇಕ್, ಆಪಲ್ ಪೈ ಅಂತೆಲ್ಲ ಹೆಸರಿಟ್ಕೊಂಡಿರೋ ಬ್ಲ್ಯಾಕ್ ಟೀಗಳು, ಟೀ ಬ್ಯಾಗ್ ಅಲ್ಲ, ಲೂಸ್ ಲೀಫ್. ಮೊದ್ಲು ಕಂಪ್ಯೂಟರ್ ಕೈಲಿ ಅನುವಾದ ಮಾಡಿಸ್ದೆ. ಲೂಸ್ ಲೀಫ್‌ಗೆ "ಸಡಿಲ ಎಲೆ" ಅಂತು, ಲಿಕ್ಕರ್ (ಅಂದ್ರೆ ಸೋಸಿದ ಮೇಲೆ ಬಟ್ಟಲಲ್ಲಿರೋ ಟೀ) ಕಾಲಂಗೆ "ಮದ್ಯ" ಅಂತು, ಡೆಸರ್ಟ್ "ಮರುಭೂಮಿ" ಆಯ್ತು. ಮರುಭೂಮಿ ರುಚಿಯ ಸಡಿಲ ಎಲೆಯ ಮದ್ಯಕ್ಕೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಾ ಅಂತ ಕೇಳಿದ್ರೆ ನನ್ನನ್ನ ಮನೆಗೆ ಕಳಿಸ್ತಾರೆ.

ಬೇಕಾಗಿರೋದು: ಲೂಸ್ ಲೀಫ್, ಲಿಕ್ಕರ್, ಇನ್‌ಫ್ಯೂಶನ್, ಬಾಡಿ (ಬಾಯಲ್ಲಿ ಟೀ ಎಷ್ಟು ಗಟ್ಟಿ ಅನ್ಸತ್ತೆ ಅನ್ನೋದು), ಅಸ್ಟ್ರಿಂಜೆನ್ಸಿ, ಆಫ್ಟರ್‌ಟೇಸ್ಟ್. ನಿಜವಾದ ತಲೆನೋವು ಅಂದ್ರೆ ಸ್ವೀಟ್ ಅನ್ನೋದು ಹಾಳೆಯಲ್ಲಿ ಎರಡು ಕಡೆ ಬರತ್ತೆ, ಒಂದು ಮೂಗಿಗೆ ಇನ್ನೊಂದು ನಾಲಿಗೆಗೆ. ಎರಡಕ್ಕೂ ಸಿಹಿ ಅಂತ ಬರೆದ್ರೆ ಅಂಕ ಕೊಡೋರು ಕನ್‌ಫ್ಯೂಸ್ ಆಗ್ತಾರೆ. ಏನ್ಮಾಡ್ಲಿ?

ನಿಘಂಟುಹುಳು ಬರೆದದ್ದು:

ಅಸ್ಟ್ರಿಂಜೆನ್ಸಿ = ಒಗರು. ಇದನ್ನ ಕೇಳೋದೇ ಒಂದು ಅವಮಾನ. 1894ರ ಕಿಟ್ಟೆಲ್ ನಿಘಂಟು ತೆಗೆದ್ರೆ ಸಿಗತ್ತೆ, ಅದಿಲ್ಲಾಂದ್ರೆ ಬಲಿಯದ ಬಾಳೆಕಾಯಿ ಕಚ್ಚಿದ್ರೂ ಸಿಗತ್ತೆ. ಒಗರಿಗೆ ತೊಗರು ಅಂತಲೂ ಇದೆ, ತಮಿಳಿನ ತುವರ್ಪ್ಪು ಅಂದ್ರೂ ಇದೇ ರುಚಿ. ತೊಗರಿ ಅನ್ನೋ ಹೆಸರೂ ಇಲ್ಲಿಂದಲೇ ಅಂತ ನಾನು ತುಂಬಾ ವರ್ಷದಿಂದ ಇಲ್ಲಿ ಹೇಳ್ತಾ ಬಂದಿದೀನಿ, ಯಾರೂ ಒಪ್ಪಿಲ್ಲ, ಪರವಾಗಿಲ್ಲ. ಒಂದೇ ಎಚ್ಚರಿಕೆ, ಆ ಕಾಲಂನಲ್ಲಿ "ಕಟು" ಅಂತ ಮಾತ್ರ ಬರೀಬೇಡಿ. ಷಡ್ರಸದ ಲೆಕ್ಕದಲ್ಲಿ ಕಟು ಅಂದ್ರೆ ಖಾರ, ಕಹಿಗೆ ತಿಕ್ತ, ಒಗರಿಗೆ ಕಷಾಯ. ನಮ್ಮೋರು ಕಟುಸತ್ಯ ಕಟುಸತ್ಯ ಅಂತ ಅಂದೂ ಅಂದೂ ಕಟು ಅಂದ್ರೆ ಕಹಿ ಅಂದ್ಕೊಂಡಿದಾರೆ.

ಇನ್‌ಫ್ಯೂಶನ್‌ಗೆ ಕಷಾಯ. ಮುಗೀತು.

ಅಚ್ಚನುಡಿ ಬರೆದದ್ದು:

ಮುಗೀಲಿಲ್ಲ. ಒಂದೇ ಸಾಲಲ್ಲಿ ಕಶಾಯ ಅಂದ್ರೆ ಒಗರು ಅಂತೀರಿ, ಮುಂದಿನ ಸಾಲಲ್ಲಿ ಕಶಾಯ ಅಂದ್ರೆ ಕುದಿಸಿದ ನೀರು ಅಂತೀರಿ. ಸಕ್ಕದದ (ಅದೇ, ನಿಮ್ಮ ಸಂಸ್ಕ್ರುತದ) ಪದ ಎತ್ಕೊಂಡ್ರೆ ಹಿಂಗೇ ಆಗೋದು. ಎಲೆಬಟ್ಟಲು ಅವ್ರೆ, ನನ್ನ ಪಟ್ಟಿ ತಗೊಳ್ಳಿ. ಲೂಸ್ ಲೀಪ್‌ಗೆ ಉದುರೆಲೆ. ಬಾಡಿಗೆ ಮಯ್ಕಟ್ಟು. ಆಪ್ಟರ್‌ಟೇಸ್ಟ್‌ಗೆ ಹಿಂಸವಿ, ಹಿಂದು ಮತ್ತು ಸವಿ ಸೇರಿ ಆದದ್ದು, ಹಿಂಗಾರು ಇದ್ದ ಹಾಗೆ. ಮೂಗಿನ ಸಿಹಿಗೆ ಗಮ. ಇನ್ನೊಂದು ಮಾತು, ಟೀ ಇಂಗ್ಲಿಶ್, ಅದನ್ನ ಬಿಡಿ, ಚಹಾ ಅಂತ ಕನ್ನಡದಲ್ಲೇ ಬರೀರಿ.

ನಿಘಂಟುಹುಳು ಬರೆದದ್ದು:

> ಟೀ ಇಂಗ್ಲಿಶ್, ಅದನ್ನ ಬಿಡಿ, ಚಹಾ ಅಂತ ಕನ್ನಡದಲ್ಲೇ ಬರೀರಿ

ಎರಡೂ ಚೀನಾದ್ದು ಸ್ವಾಮಿ. ಅಲ್ಲಿನ ಒಂದು ನುಡೀಲಿ ಚಾ, ಕರಾವಳಿಯ ಮಿನ್ ನುಡೀಲಿ ತೆ. ಡಚ್ಚರು ತೆ ಹೊತ್ಕೊಂಡು ಹೋದ್ರು, ಅದು ಇಂಗ್ಲಿಷಿಗೆ ಹೋಗಿ ಟೀ ಆಯ್ತು. ಪೋರ್ಚುಗೀಸರು ಪರ್ಷಿಯನ್ನರು ಚಾ ಹಿಡ್ಕೊಂಡ್ರು. ನಮ್ಗೆ ಎರಡು ಬಾಗಿಲಿಂದ ಒಂದೇ ನೆಂಟ ಬಂದಿದಾನೆ, ಒಬ್ಬನ್ನ ಮನೆಮಗ ಅಂತ ಕರೆದು ಇನ್ನೊಬ್ಬನ್ನ ಆಚೆ ನಿಲ್ಲಿಸೋದು ಯಾವ ನ್ಯಾಯ?

ಉದುರೆಲೆ ಅಂದ್ರೆ ತರಗೆಲೆ, ಗುಡಿಸಿ ಗುಡ್ಡೆ ಹಾಕೋದು. ಮಯ್ಕಟ್ಟು ಇರೋ ಟೀ ಗರಡಿಮನೆಗೆ ಹೋಗ್ಲಿ. ಹಿಂಸವಿ ಓದಿದ್ರೆ ಹಿಂಸೆ ಆಗತ್ತೆ, ಅದೂ ಅಲ್ದೆ ಸವಿ ಅಂದ ಮೇಲೆ ಅದು ಚೆನ್ನಾಗಿರೋದೇ, ಸವಿನೆನಪು ಸವಿಮಾತು ಎಲ್ಲ ನೋಡಿ, ಬಾಯಲ್ಲಿ ಔಷಧಿ ಕಹಿ ಉಳಿದ್ರೆ ಅದನ್ನ ಹೆಂಗ್ರೀ ಸವಿ ಅಂತೀರಾ. ಇನ್ನು ಗಮ. ಮಹಾಪ್ರಾಣ ಕಿತ್ತು ಹಾಕಿದ ಮೇಲೆ ಅದು ಸರಿಗಮದ ಗಮ. ಘಮಘಮ ಅನ್ನುವಾಗ ಆ ಉಸಿರಲ್ಲೇ ವಾಸನೆ ಇರೋದು, ಉಸಿರು ತೆಗೆದು ಮೂಗಿನ ಪದ ಮಾಡ್ತೀರಲ್ಲ.

ಅಚ್ಚನುಡಿ ಬರೆದದ್ದು:

ನಗಾಡೋದು ಸುಲಬ. ಪದ ಕಟ್ಟೋದು ಕಶ್ಟ.

ಮುಕ್ಕಳಿಸುವವ ಬರೆದದ್ದು:

ಇಲ್ಲಿ ಯಾರಾದ್ರೂ ಈ ಟೀ ಕುಡಿದಿದೀರಾ? ನಾನು ರುಚಿ ನೋಡೋ ಕೆಲಸದಲ್ಲಿ ಇದ್ದೋನು, ವ್ಯಾಕರಣ ನಿಮ್ಗೆ ಬಿಟ್ಟೆ, ಆದ್ರೆ ವಸ್ತು ಏನು ಅಂತ ಗೊತ್ತಿಲ್ದೆ ಪದ ಹುಡುಕ್ತಿದೀರಿ ಅನ್ಸತ್ತೆ. ಟೀಯನ್ನ ಒಂದಕ್ಕೊಂದು ಹೋಲಿಸಿ ನೋಡೋಕೆ ಟೀ ಹೆಂಗೆ ಮಾಡ್ಬೇಕು ಅಂತ ಐಎಸ್‌ಒ 3103 ಅಂತ ಒಂದು ಮಾನದಂಡ ಇದೆ, ಮೊದ್ಲು ಬಂದಿದ್ದು 1980ರಲ್ಲಿ, 100 ಮಿಲಿ ನೀರಿಗೆ 2 ಗ್ರಾಂ ಎಲೆ, ಕುದಿಯೋ ನೀರು, 6 ನಿಮಿಷ. ಹಂಗೆ ಮಾಡಿದ್ದು ಕುಡಿಯೋಕೆ ಹಿತವಾಗಿರಲ್ಲ, ಇರ್ಬೇಕಾಗೂ ಇಲ್ಲ, ತಪ್ಪೆಲ್ಲ ಎದ್ದು ಕಾಣ್ಲಿ ಅಂತಲೇ ಅಷ್ಟು ಹೊತ್ತು ಬಿಡೋದು. ಆಮೇಲೆ ಚಮಚದಲ್ಲಿ ತಗೊಂಡು ಸೊರ್ರ್ ಅಂತ ಸದ್ದು ಮಾಡ್ಕೊಂಡು ಹೀರ್ಬೇಕು, ಮರ್ಯಾದೆ ನೋಡ್ಬಾರ್ದು, ಗಾಳಿ ಜೊತೆ ಸೇರಿ ವಾಸನೆ ಗಂಟಲ ಹಿಂದಿಂದ ಮೂಗಿಗೆ ಏರ್ಬೇಕು, ಆಮೇಲೆ ಉಗೀಬೇಕು.

ಈಗ ಕ್ಯಾರಮೆಲ್ ಟೀ ತಗೊಳ್ಳಿ. ಮೂಗು ಬಿಗಿಯಾಗಿ ಹಿಡ್ಕೊಂಡು ಒಂದು ಗುಟುಕು ಕುಡೀರಿ. ಎಲ್ಲಿ ಕ್ಯಾರಮೆಲ್? ಇಲ್ಲ. ಬರೀ ಒಗರು, ಸ್ವಲ್ಪ ಕಹಿ. ಮೂಗು ಬಿಟ್ಟ ತಕ್ಷಣ ಕೇಕ್ ಅಂಗಡೀನೇ ಬಾಯೊಳಗೆ ಬಂದಂಗಾಗತ್ತೆ. ಎಲೆಗೆ ಹಾಕಿರೋದು ಫ್ಲೇವರ್, ಸಕ್ಕರೆ ಅಲ್ಲ. ವೆನಿಲ್ಲಾ ಎಸೆನ್ಸ್ ಒಂದು ಹನಿ ನಾಲಿಗೆ ಮೇಲೆ ಬಿಟ್ಕೊಂಡು ನೋಡಿ, ಕಹಿ, ಮುಖ ಕಿವಿಚ್ಕೊಳ್ತೀರಿ. ಆದ್ರೂ ಅದರ ವಾಸನೆನ ಎಲ್ರೂ "ಸಿಹಿ" ಅಂತಾರೆ, ಯಾಕಂದ್ರೆ ಆ ವಾಸನೆ ಬಂದಾಗೆಲ್ಲ ಜೊತೆಗೆ ಸಕ್ಕರೆ ತಿಂದಿರ್ತೀವಿ. ಕೆಲವು ಟೀಗೆ ಜ್ಯೇಷ್ಠಮಧು ಬೇರು, ಸ್ಟೀವಿಯಾ ಎಲೆ ಹಾಕಿರ್ತಾರೆ, ಅದು ಮಾತ್ರ ನಿಜವಾಗ್ಲೂ ನಾಲಿಗೆಗೆ ಸಿಹಿ, ಮೂಗು ಹಿಡ್ಕೊಂಡ್ರೂ ಸಿಹಿ, ನುಂಗಿ ಎಷ್ಟೋ ಹೊತ್ತಾದ್ರೂ ಹೋಗಲ್ಲ, ನನಗೆ ಆಗಲ್ಲ.

ಆದ್ರಿಂದ ಎರಡು ಕಾಲಂಗೂ ಸಿಹಿ ಬೇಡ. ನಾಲಿಗೇದು ಸಿಹಿ. ಮೂಗಿಂದು ಘಮ ಅನ್ನಿ, ಕಂಪು ಅನ್ನಿ, ಏನಾದ್ರೂ ಅನ್ನಿ, ಸಿಹಿ ಅನ್ನೋದೊಂದು ಬಿಡಿ. ಹಾಗೇ ಒಗರು ಮತ್ತು ಕಹಿ ಬೇರೆ ಬೇರೆ ಅಂತ ಹಾಳೆಯಲ್ಲೇ ಒಂದು ಸಾಲು ಬರೀರಿ, ಹೊಸಬರು ಒಗರು ಇದ್ದಿದ್ದಕ್ಕೆಲ್ಲ ಕಹಿ ಅಂತ ಅಂಕ ಕಳೀತಾರೆ. ಕಹಿ ಒಂದು ರುಚಿ. ಒಗರು ಅಂದ್ರೆ ಎಲೆಯ ಪಾಲಿಫಿನಾಲ್‌ಗಳು ಎಂಜಲಿನ ಪ್ರೋಟೀನ್‌ಗೆ ಅಂಟ್ಕೊಂಡು ಬಾಯಿಯ ಜಾರು ಹೋಗಿ ಒಣಗಿದಂಗೆ, ಕೆನ್ನೆ ಒಳಗೆ ಎಳೆದಂಗೆ ಆಗೋದು. ಒಗರೇ ಇಲ್ದಿದ್ರೆ ಅದು ಟೀ ಅಲ್ಲ, ಸೆಂಟ್ ಹಾಕಿದ ಬಿಸಿನೀರು.

ಸುಮ್ನೆಓದ್ತೀನಿ ಬರೆದದ್ದು:

ಮೊದಲ ಸಲ ಬರೀತಿರೋದು, ತಪ್ಪಿದ್ರೆ ಹೇಳಿ. ಡೆಸರ್ಟ್ ಅನ್ನೋ ಪದದಲ್ಲೂ ಸಿಹಿ ಇಲ್ಲ, ಫ್ರೆಂಚಿನ ದೆಸರ್ವಿರ್ ಅಂದ್ರೆ ಊಟದ ಮೇಜು ಖಾಲಿ ಮಾಡೋದು, ತಟ್ಟೆ ಎತ್ತಿದ ಮೇಲೆ ಬರೋದು ಅಂತ. ಅದಕ್ಕೆ "ಸಿಹಿತಿಂಡಿ ಟೀ" ಅಂತ ಬರೆದ್ರೆ ಜನ ಸಕ್ಕರೆ ಹಾಕಿದಾರೆ ಅಂದ್ಕೊಳ್ತಾರೆ, ಡಯಾಬಿಟೀಸ್ ಇರೋರು ಮುಟ್ಟಲ್ಲ. "ಸಿಹಿತಿಂಡಿ ಘಮದ ಟೀ" ಅಂದ್ರೆ ಸರಿ ಅನ್ಸತ್ತೆ. ಬಾಡಿಗೆ ಪದ ಯಾಕೆ ಬೇಕು, ನೀರುನೀರು / ತೆಳು / ಮಂದ ಅಂತ ಮೂರು ಕೊಟ್ಟು ಗುರುತು ಹಾಕಿ ಅನ್ನಿ. ಆಫ್ಟರ್‌ಟೇಸ್ಟ್‌ಗೆ "ಬಾಯಲ್ಲಿ ಉಳಿಯೋ ರುಚಿ". ಉದ್ದ ಆದ್ರೂ ಯಾರಿಗೂ ವಿವರಿಸ್ಬೇಕಾಗಿಲ್ಲ.

ಅಚ್ಚನುಡಿ ಬರೆದದ್ದು:

ರುಚಿ ಸಕ್ಕದ. ಗುರುತು ಹಾಕಿಸೋದು ಪದ ಕಟ್ಟೋದಲ್ಲ, ಪದದಿಂದ ತಪ್ಪಿಸ್ಕೊಳ್ಳೋದು. ಹಿಂಗೇ ಎಲ್ಲದಕ್ಕೂ ಎರವಲು ತಂದು, ಇಲ್ಲಾಂದ್ರೆ ಉದ್ದುದ್ದ ಬಿಡಿಸಿ ಹೇಳಿ, ನೂರು ವರ‍್ಶ ಆದ್ಮೇಲೆ ಕನ್ನಡದಲ್ಲಿ ಕನ್ನಡ ಎಶ್ಟು ಉಳಿಯತ್ತೆ?

ನಿಘಂಟುಹುಳು ಬರೆದದ್ದು:

ಸಕ್ಕರೆ ಅನ್ನೋದು ಶರ್ಕರಾ. ಚಾಕಲೇಟ್ ಮೆಕ್ಸಿಕೋದ ನಾವಾಟಲ್‌ನಿಂದ ಸ್ಪ್ಯಾನಿಷ್ ದಾರಿ ಹಿಡಿದು ಬಂದಿದ್ದು. ವೆನಿಲ್ಲಾ ಸ್ಪ್ಯಾನಿಷ್‌ನಲ್ಲಿ ಸಣ್ಣ ಕೋಡು, ಅಂದ್ರೆ ಕಾಯಿ. ಈ ಬಟ್ಟಲಲ್ಲಿ ಎರವಲಲ್ಲದ್ದು ಎಲೆ, ನೀರು, ಒಗರು ಅಷ್ಟೇ, ಸಾಕು ಬಿಡಿ. ಎಲೆಬಟ್ಟಲು ಅವ್ರೆ, "ಬಿಡಿ ಎಲೆ ಟೀ" ಅಂತ ಹಾಕಿ, ಬಿಡಿ ಹೂ ಅಂದಂಗೆ. ಲಿಕ್ಕರ್‌ಗೆ "ಸೋಸಿದ ಟೀ". ಬಿಡಿಗೆ ದೀರ್ಘ ಕೊಡ್ಬೇಡಿ, ಬೀಡಿ ಎಲೆ ಆಗ್ಬಿಡತ್ತೆ.

ಎಲೆಬಟ್ಟಲು ಬರೆದದ್ದು:

ಎಲ್ರಿಗೂ ಥ್ಯಾಂಕ್ಸ್. ಹಾಳೆ ಪ್ರಿಂಟ್‌ಗೆ ಹೋಯ್ತು. ಬಿಡಿ ಎಲೆ ಟೀ, ಸೋಸಿದ ಟೀ, ಒಗರು, ತೆಳು-ಮಂದ, ಬಾಯಲ್ಲಿ ಉಳಿಯೋ ರುಚಿ. ಮೂಗಿಗೆ ಘಮ, ನಾಲಿಗೆಗೆ ಸಿಹಿ. ಇನ್‌ಫ್ಯೂಶನ್ ಬಗ್ಗೆ ಆಮೇಲೆ ಯಾರೂ ಮಾತಾಡ್ಲಿಲ್ಲ, ಅದಕ್ಕೆ ಮೊದ್ಲು ಹೇಳಿದ ಕಷಾಯಾನೇ ಇಟ್ಟಿದೀನಿ.

ಮುಕ್ಕಳಿಸುವವ ಬರೆದದ್ದು:

ಅಯ್ಯೋ ಮೇಡಂ. ಟೀ ರುಚಿ ನೋಡೋರ ಮಾತಲ್ಲಿ ಇನ್‌ಫ್ಯೂಶನ್ ಅಂದ್ರೆ ನೀರಲ್ಲ, ನೀರು ಸೋಸಿದ ಮೇಲೆ ಉಳಿಯೋ ನೆನೆದ ಎಲೆ. ಅದನ್ನ ಪಾತ್ರೆಯ ಮುಚ್ಚಳದ ಮೇಲೆ ಕವುಚಿ ಹಾಕಿ ಬಣ್ಣ ನೋಡ್ತಾರೆ, ಮೂಸ್ತಾರೆ. ನಿಮ್ಮ ಹಾಳೆಯಲ್ಲಿ ಈಗ ಸೋಸಿದ ಟೀಗೂ ಅಂಕ, ಕಷಾಯಕ್ಕೂ ಅಂಕ, ಎರಡೂ ಒಂದೇ ಬಟ್ಟಲು. ಅದು ಚರಟ ರೀ. ಚರಟ.

ಎಲೆಬಟ್ಟಲು ಬರೆದದ್ದು:

ಪ್ರಿಂಟ್ ಆಗ್ಹೋಗಿದೆ. ಪೆನ್ನಲ್ಲಿ ಒಂದೊಂದೇ ಹಾಳೆ ತಿದ್ತೀನಿ.

ಅಚ್ಚನುಡಿ ಬರೆದದ್ದು:

ಚರಟ ಒಳ್ಳೆ ಪದ. ಇದಕ್ಕೆ ಮಾತ್ರ ನನ್ನ ತಕರಾರಿಲ್ಲ.

ನಿಘಂಟುಹುಳು ಬರೆದದ್ದು:

ತಕರಾರು ಅರಬ್ಬೀ.